ಅಕ್ಕ ಒರಗಿದ ಗೋಡೆ

ಹೆಣ್ಣುಮಕ್ಕಳ ಖೋಲಿಯ ಗೋಡೆ ಬಿತ್ತು ಎಂದು ನಾನು ಅಕ್ಕನಿಗೆ ಹೇಳಲಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಯಾವುದು ಎಲ್ಲಿದೆ, ಯಾವುದು ಜಾಗ ಬದಲಿಸಿದೆ ಎಂದು ದಿನಾ ಅವಳಿಗೆ ಹೇಳುವುದು ನನ್ನ ಕೆಲಸವಾಗಿತ್ತು. ಆ ಗೋಡೆಗೆ ಮೊದಲ ಹಾರೆ ಹಾಕಿದವರಲ್ಲಿ ನಾನೂ ಒಬ್ಬ. ಆದರೂ ಆ ಸಂಜೆ, ಅದರ ಮರುದಿನ ಸಂಜೆ, ಹೀಗೆ ಒಂದು ಮಳೆಗಾಲ, ಒಂದು ಚಳಿಗಾಲ ಪೂರ್ತಿ, ಅವಳು ಕೇಳಿದಾಗಲೆಲ್ಲ "ಅದ ಅಕ್ಕಾ, ಇದ್ದಂಗ ಅದ" ಎಂದೆ. ಅಕ್ಕನಿಗೆ ಕಣ್ಣು ಕಾಣುವುದಿಲ್ಲ.

ಮೂರು ವರ್ಷದವಳಿದ್ದಾಗ ದಡಾರ ಬಂದು ಅವಳ ಕಣ್ಣು ಹೋದವು. ನಾನು ಹುಟ್ಟುವ ಮೊದಲಿನ ಮಾತು. ನಮ್ಮಪ್ಪ ಸ್ಟೇಷನ್ನಿನಲ್ಲಿ ಹಮಾಲ. ಅವ್ವ ಕೂಲಿಗೆ ಹೊಲಕ್ಕೆ ಹೋಗುತ್ತಿದ್ದಳು. ಹೀಗಾಗಿ ಅಪ್ಪ ಅಕ್ಕನನ್ನು ಹೆಗಲ ಮೇಲೆ ಕೂಡಿಸಿಕೊಂಡು ಸ್ಟೇಷನ್ನಿಗೆ ಒಯ್ಯುತ್ತಿದ್ದ. ಮೂಟೆ ಹೊರುವಾಗ ಅವಳನ್ನು ಹೆಣ್ಣುಮಕ್ಕಳ ಖೋಲಿಯಲ್ಲಿ ಬಿಟ್ಟು, "ಈ ಗ್ವಾಡಿ ಬಿಟ್ಟು ಕದಲಬ್ಯಾಡ" ಅನ್ನುತ್ತಿದ್ದ. ಅವಳು ಬೆನ್ನು ಹಚ್ಚಿ ನಿಲ್ಲುತ್ತಿದ್ದಳು. ಮೊಳಕ್ಕಿಂತ ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಾರೆ. ನಿಜಾಮನ ಕಾಲದ್ದು ಅನ್ನುತ್ತಿದ್ದರು. ಬುರುಖಾ ತೊಡುವ ಮನೆತನದ ಹೆಂಗಸರು ಗಾಡಿ ಬರುವತನಕ ಕೂಡಲೆಂದು ಆ ಖೋಲಿ ಕಟ್ಟಿದ್ದರಂತೆ. ಯಾದಗಿರಿಯ ಬೇಸಿಗೆಯಲ್ಲಿ ಕಲ್ಲಿನ ಗುಡ್ಡವೇ ಕಾದು ಉಸಿರು ಬಿಡುವಾಗಲೂ ಆ ಗೋಡೆ ಮಾತ್ರ ತಣ್ಣಗೆ ಇರುತ್ತಿತ್ತು. ಗಾಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಅದು ಸಣ್ಣಗೆ ನಡುಗುತ್ತಿತ್ತಂತೆ. "ವಾಡಿ ಕಡಿಂದ ಬರಾಕತ್ತದ" ಎಂದು ಅಕ್ಕ ಹೇಳಿದ ಮೇಲೆ ಹಮಾಲರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು.

ಬೆಳೆದ ಮೇಲೆ ಅವಳಿಗೆ ಇಡೀ ಸ್ಟೇಷನ್ನು ಕಾಲಲ್ಲಿತ್ತು. ಬಾಗಿಲಿನಿಂದ ಹನ್ನೊಂದು ಹೆಜ್ಜೆ, ಒಂದು ಹೊಸ್ತಿಲು, ಬಲಕ್ಕೆ ತಿರುಗಿದರೆ ಗೋಡೆ, ಗೋಡೆ ಹಿಡಿದು ಹೋದರೆ ಪ್ಲಾಟ್‌ಫಾರ್ಮ್. ಬೇಸಿಗೆ ನಾಲ್ಕು ತಿಂಗಳು ಅಲ್ಲಿ ಅರವಟಿಗೆ ಇಡುತ್ತಿದ್ದಳು. ಮೂರು ಮಣ್ಣಿನ ಕೊಡ, ಒಂದು ತಾಮ್ರದ ತಂಬಿಗೆ. ಗಾಡಿ ನಿಂತ ಕೂಡಲೇ ಕಿಟಕಿಯೊಳಗೆ ನೀರು ಕೊಡುವಳು. ಒಂದು ಕಿಟಕಿಯೂ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಅವಳು ಒಬ್ಬರ ಕೈ ಹಿಡಿದು ನಡೆಯುವವಳು. ಸ್ಟೇಷನ್ನಿನಲ್ಲಿ ಬೇರೆಯವರಿಗೆ ದಾರಿ ಹೇಳುವವಳು. ಸುರಪುರ, ಶಹಾಪುರಕ್ಕೆ ರೈಲಿಲ್ಲ. ಆ ಕಡೆಯ ಜನ ಬಸ್ಸಿನಲ್ಲಿ ಭೀಮಾ ದಾಟಿ ನಮ್ಮೂರಿಗೆ ಬಂದೇ ಗಾಡಿ ಹತ್ತಬೇಕು. ಬಂದವರು ಯಾವ ಕಡೆ ಮುಖ ಮಾಡಬೇಕೋ ತಿಳಿಯದೆ ಅಕ್ಕನನ್ನೇ ಕೇಳುತ್ತಿದ್ದರು. ಒಮ್ಮೆ ಸುರಪುರದ ಒಬ್ಬ ಮುದುಕ ದಾರಿ ಕೇಳಿ, ನೀರು ಕುಡಿದು, ಆಮೇಲೆ ಅವಳ ಮುಖ ನೋಡಿ ಬೆರಗಾದ.

"ಯವ್ವಾ, ನಿನಗ ಕಣ್ಣ ಕಾಣಂಗಿಲ್ಲೇನು?"

"ನಿನಗ ಎರಡೂ ಕಾಣ್ತಾವಲ್ಲೋ ಯಪ್ಪಾ, ಮತ್ತ ನೀ ಯಾಕ ನನಗ ಕೇಳಿದಿ?"

ಹಮಾಲರೆಲ್ಲ ನಕ್ಕರು. ಮುದುಕನೂ ನಕ್ಕ.

ಅಪ್ಪನದೊಂದು ಪದ್ಧತಿ ಇತ್ತು. ಸ್ಟೇಷನ್ನಿನಲ್ಲಿ ಒಂದು ಬೆಂಚು ಸರಿದರೂ, ಒಂದು ಡಬ್ಬಿ ಜಾಗ ಬದಲಿಸಿದರೂ, ಮನೆಗೆ ಬಂದವನು ಒಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲ ಆಚೆಗೇ ನಿಂತು ಅಕ್ಕನನ್ನು ಕರೆದು, ಅಷ್ಟನ್ನೂ ಹೇಳಿ ಮುಗಿಸಿ, ಆಮೇಲೆ ಕಾಲು ತೊಳೆದು ಒಳಗೆ ಬಂದು ನೀರು ಕುಡಿಯುತ್ತಿದ್ದ. ಹೊರಗೆ ಯಾಕೆಂದರೆ, ದೀಪ ಹಚ್ಚುವ ಹೊತ್ತಿನಲ್ಲಿ ಮನೆಯೊಳಗೆ ಮುರಿದ ಮಾತು, ಕೆಡವಿದ ಮಾತು ಆಡಬಾರದು ಎಂಬುದು ಅವ್ವನ ಕಟ್ಟಪ್ಪಣೆ. ಆಡಲೇಬೇಕಾದರೆ ಹೊಸ್ತಿಲ ಹೊರಗೆ ಆಡಿ, ಅಲ್ಲೇ ಬಿಟ್ಟು ಬರಬೇಕು. ಅಪ್ಪ ಹೋದ ಮೇಲೆ ಆ ಕೆಲಸ ನನಗೆ ಬಂತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಟೇಷನ್ನಿನ ಸುತ್ತಮುತ್ತಲೇ ಸಿಕ್ಕ ಕೂಲಿ ಮಾಡಿಕೊಂಡಿದ್ದೆ. ಬಹಳ ವರ್ಷ ಸರಿಯಾಗಿಯೇ ಹೇಳಿದೆ.

ಸ್ಟೇಷನ್ನು ಹೊಸದಾಗಿ ಕಟ್ಟುತ್ತಾರೆ ಎಂಬ ಸುದ್ದಿ ಬಂದ ವರ್ಷವೇ ಅಕ್ಕನಿಗೆ ಚಿಕುನ್‌ಗುನ್ಯಾ ಹಿಡಿಯಿತು. ಜ್ವರ ಇಳಿದರೂ ಕೀಲು ನೋವು ಬಿಡಲಿಲ್ಲ. ಕೋಟೆ ಗುಡ್ಡದ ಬುಡದ ನಮ್ಮ ಮನೆಯಲ್ಲಿ ಹೊರಸಿನ ಮೇಲೆ ಬಿದ್ದುಕೊಂಡಳು. ಆ ಹೊತ್ತಿಗೇ ಗುತ್ತೇದಾರನ ಮಂದಿ ಕೆಡವುವ ಜಾಗದ ಸುತ್ತ ತಗಡು ನಿಲ್ಲಿಸಿದರು. ನನಗೂ ಅವರಲ್ಲಿ ಕೂಲಿ ಸಿಕ್ಕಿತು. ಮೊದಲನೇ ದಿನವೇ ಮೇಸ್ತ್ರಿ ನಮ್ಮನ್ನು ಹೆಣ್ಣುಮಕ್ಕಳ ಖೋಲಿಗೆ ಕರೆದೊಯ್ದ. ತೆಂಗಿನಕಾಯಿ ಒಡೆದ, ಊದಿನಕಡ್ಡಿ ಹಚ್ಚಿದ. ಹಾರೆ ಕೈಗೆ ಬಂತು. ಸುಣ್ಣದ ಗಾರೆ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಮಧ್ಯಾಹ್ನದ ತನಕ ಬಡಿದರೂ ಒಂದು ಸಾಲು ಕಲ್ಲು ಕದಲಲಿಲ್ಲ. ಆಮೇಲೆ ಯಂತ್ರ ಬಂತು. ಅದು ತಳ್ಳಿದಾಗ ಗೋಡೆ ಒಮ್ಮೆಲೇ ಬೀಳಲಿಲ್ಲ, ಗಾಡಿ ಬರುವ ಮುಂಚೆ ನಡುಗುತ್ತದೆ ಎಂದು ಅಕ್ಕ ಹೇಳುತ್ತಿದ್ದಳಲ್ಲ, ಹಾಗೆ ಸಣ್ಣಗೆ ನಡುಗಿ ಕೂತುಬಿಟ್ಟಿತು. ಗಾಡಿ ಯಾವುದೂ ಬರುತ್ತಿರಲಿಲ್ಲ.

ಸಂಜೆ ಮನೆಗೆ ಬಂದೆ. ಮೈಯೆಲ್ಲ ಬಿಳಿ ಧೂಳು. ಹೊಸ್ತಿಲ ಹೊರಗೆ ನಿಲ್ಲಬೇಕಿತ್ತು. ನಿಲ್ಲದೆ ನೇರ ಒಳಗೆ ಹೋದೆ. ನನ್ನ ಹೆಂಡತಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಬಂದ್ಯೇನು ತಮ್ಮಾ? ಇವತ್ತ ಏನ್ ಒಡದ್ರಿ?" ಅಕ್ಕ ಹೊರಸಿನಿಂದ ಕೇಳಿದಳು.

"ಹಿಂದಿನ ಗೋದಾಮು."

"ನಮ್ಮ ಗ್ವಾಡಿ?"

ದೀಪ ಹಚ್ಚುವ ಹೊತ್ತು. ಒಳಗೆ ಕೆಡವಿದ ಮಾತು ಆಡಬಾರದು. ನಾನು ಹಾಗಂದುಕೊಂಡು ಬಾಯಿ ಬಿಟ್ಟೆ: "ಅದ ಅಕ್ಕಾ. ಇದ್ದಂಗ ಅದ."

ಅವಳು ಉಸಿರು ಬಿಟ್ಟಳು. "ಅದು ಇದ್ರ ಸಾಕು. ಕಾಲ ನೆಟ್ಟಗಾದ ಮ್ಯಾಲ ಅಲ್ಲಿಗಿ ನಾ ಒಬ್ಬಾಕಿನೇ ಹೋಗ್ತೀನಿ, ನೋಡ್ತಿರು."

ಮರುದಿನ ಹೊರಗೆ ನಿಂತು ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದು ಬಿಟ್ಟೆ. ಮೂರನೇ ದಿನಕ್ಕೆ ಅದೇ ರೂಢಿಯಾಯಿತು. ಟಿಕೆಟ್ ಕಿಟಕಿ ಬಿತ್ತು, ನಾನು ಇದೆ ಎಂದೆ. ಕಮಾನಿನ ಬಾಗಿಲು ಬಿತ್ತು, ಇದೆ ಎಂದೆ. ಹಗಲು ಕೆಡವಿದ್ದನ್ನು ಸಂಜೆ ಬಾಯಿಂದ ಕಟ್ಟುತ್ತಿದ್ದೆ. ಅಕ್ಕ ಹೊರಸಿನ ಪಟ್ಟಿಯ ಮೇಲೆ ಎರಡು ಬೆರಳು ನಡೆಸುತ್ತ, ಹನ್ನೊಂದು ಎಣಿಸಿ, ಬಲಕ್ಕೆ ತಿರುಗಿಸಿ, ಅಂಗೈ ಚಾಚಿ ನಿಲ್ಲಿಸುತ್ತಿದ್ದಳು. ಓಣಿಯ ಹೆಂಗಸರು ಬಂದು, "ಸ್ಟೇಷನ್ ಪೂರಾ ಬೈಲಾಗ್ಯಾದಂತಲ್ಲ ಯಕ್ಕಾ" ಎಂದರೆ ಅವರ ಮೇಲೆ ಸಿಟ್ಟಾಗುತ್ತಿದ್ದಳು.

"ನನ್ನ ತಮ್ಮ ದಿನಾ ಅಲ್ಲೇ ಇರ್ತಾನ. ನಿಮಗಿಂತ ಅವನಿಗಿ ಗೊತ್ತಿಲ್ಲೇನು?"

ಆ ಮಾತನ್ನು ನಾನು ಬಚ್ಚಲಲ್ಲಿ ನಿಂತು ಕೇಳಿಸಿಕೊಂಡಿದ್ದೇನೆ.

ಇನ್ನು ಸ್ಟೇಷನ್ನಿನಲ್ಲಿ ನಡೆದದ್ದನ್ನು ಹೇಳಬೇಕು. ಕಲ್ಲು, ಗಾರೆ ಎಲ್ಲ ಹೇರಿಕೊಂಡು ಹೋದ ಮೇಲೆ ಆ ಜಾಗವನ್ನು ಮಣ್ಣು ಬಡಿದು ಸಪಾಟು ಮಾಡಿ, ಜನ ಓಡಾಡಲು ಬಿಟ್ಟಿದ್ದರು. ಅಲ್ಲಿ ಏನೂ ಇರಲಿಲ್ಲ. ಆದರೆ ಬಸ್ಸಿಳಿದು ತಲೆಯ ಮೇಲೆ ಗಂಟು ಹೊತ್ತು ಬರುವ ಹೆಂಗಸರು, ಹಳೇ ಬಾಗಿಲು ಇದ್ದ ಕಡೆ ಬಂದಾಗ ತಲೆ ಬಗ್ಗಿಸುತ್ತಿದ್ದರು. ದಾಟಿದ ಮೇಲೆ ತಲೆ ಎತ್ತುತ್ತಿದ್ದರು. ರೂಢಿ ಇರಬೇಕು ಎಂದುಕೊಂಡೆವು. ಆಮೇಲೆ ಒಂದು ಕುಂಟ ನಾಯಿ. ಅದು ಯಾವಾಗಲೂ ಆ ಖೋಲಿಯ ಹೊರಗೆ ಗೋಡೆಯ ಮಗ್ಗುಲಿಗೆ ಮಲಗುವುದು. ಗೋಡೆ ಹೋದ ಮೇಲೂ ಅದೇ ಗೆರೆಗೆ ಬೆನ್ನು ಕೊಟ್ಟು ಮಲಗುತ್ತಿತ್ತು. ಆಚೆ ಬದಿಯಿಂದ ರೊಟ್ಟಿ ತುಂಡು ತೋರಿಸಿದರೆ ನೇರ ಬರುತ್ತಿರಲಿಲ್ಲ, ಸುತ್ತು ಹಾಕಿ ಬಾಗಿಲಿದ್ದ ಜಾಗದಿಂದ ಬರುತ್ತಿತ್ತು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಿದ್ದೆವು. ಯಾರೂ ಹೇಳದೆ ಆರು ಮಂದಿಯೂ ಒಂದೇ ಸಾಲಿನಲ್ಲಿ ಕೂತಿದ್ದೆವು. ಉಂಡು ಮುಗಿಸಿ ಹಿಂದಕ್ಕೆ ಒರಗಲು ಹೋಗಿ, ಒರಗಲು ಏನೂ ಇಲ್ಲ ಎಂದು ನೆನಪಾಗಿ, ಆರು ಮಂದಿಯೂ ಒಟ್ಟಿಗೆ ಬೆಚ್ಚಿದೆವು. ಆದರೆ ನನ್ನ ಬೆನ್ನಿಗೆ ಒಂದು ಕ್ಷಣ ತಣ್ಣಗೆ ತಾಗಿತ್ತು. ಬೇರೆಯವರಿಗೆ ತಾಗಿತೋ ಇಲ್ಲವೋ ನಾನು ಕೇಳಲಿಲ್ಲ. ಅವರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಅಂದಿನಿಂದ ಬುತ್ತಿ ಉಣ್ಣಲು ಬೇರೆ ಕಡೆ ಹೋದೆವು.

ಇದು ನನ್ನಿಂದಲೇ ಆಗುತ್ತಿದೆ ಎಂದು ನನಗೆ ಆಗಲೇ ಅನಿಸತೊಡಗಿತ್ತು. ಸತ್ತವರನ್ನು ಇದ್ದಾರೆ ಎಂದು ದಿನಾ ಹೇಳುತ್ತ ಹೋದರೆ ಅವರು ಎಲ್ಲಿಗೆ ಹೋಗಬೇಕು? ಗೋಡೆಗೂ ಹಾಗೇ ಆಗಿರಬೇಕು.

ಬೇಸಿಗೆ ಶುರುವಾಯಿತು. ಅಕ್ಕನ ಕಾಲು ನೆಟ್ಟಗಾಗಿದ್ದವು. ಅಂಗಳದಲ್ಲಿ ಕೋಲು ಹಿಡಿದು ನಡೆಯುತ್ತಿದ್ದಳು. ಅರವಟಿಗೆಗೆ ಕೊಡ ತರಬೇಕೆಂದು ದಿನಾ ನೆನಪಿಸುತ್ತಿದ್ದಳು. ನಾನು ನಾಳೆ, ನಾಡಿದ್ದು ಎನ್ನುತ್ತಿದ್ದೆ. ಆ ವಾರ ಕೆಂಭಾವಿಯಿಂದ ನಮ್ಮ ಚಿಗವ್ವ ಬಂದಳು. ಸೊಲ್ಲಾಪುರದಲ್ಲಿದ್ದ ಮಗಳ ಮನೆಗೆ ಹೋಗುವವಳಿದ್ದಳು. ರೈಲು ಹತ್ತಿದವಳಲ್ಲ. ನಾನು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಇಬ್ಬರಿಗೂ ಮಾತಾಗಿದೆ.

"ನನಗ ಸ್ಟೇಷನ್ನ ಅಂದ್ರ ಎದಿ ಹಾರ್ತದ ಮಗಳ, ಯಾರರ ಸಂಗಾಟ ಬೇಕು."

"ನಾ ಇಲ್ಲೇನು ಚಿಗವ್ವಾ? ಗಾಡ್ಯಾಗ ಕುಂದ್ರಿಸೇ ಬರ್ತೀನಿ, ನಡಿ."

ನನ್ನ ಹೆಂಡತಿ ತಡೆಯಬಹುದಿತ್ತು. ಅವಳು ನೀರಿಗೆ ಹೋಗಿದ್ದಳು. ಇಬ್ಬರೂ ಟಂಟಂ ಆಟೋ ಹತ್ತಿ ಬಂದುಬಿಟ್ಟರು.

ನಾನು ಹೊಸ ಕಟ್ಟಡದ ಮೇಲಿನ ಹಲಗೆಯಲ್ಲಿದ್ದೆ, ಮೇಸ್ತ್ರಿಯ ಪಕ್ಕಕ್ಕೆ. ನಡು ಮಧ್ಯಾಹ್ನ. ಗಾಡಿ ಇಲ್ಲದ ಹೊತ್ತು. ಕೆಳಗೆ ಬಿಸಿಲು ಸುಣ್ಣ ಬಳಿದಂತೆ ಬಿದ್ದಿತ್ತು. ಆ ಬೆಳಕಿನೊಳಗೆ ಅಕ್ಕ ಬಂದಳು. ಹಿಂದೆ ಗಂಟು ಹೊತ್ತ ಚಿಗವ್ವ. ಅಕ್ಕ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಸ್ಟೇಷನ್ನಿನಲ್ಲಿ ಅವಳಿಗೆ ಕೋಲು ಬೇಕಾಗುತ್ತಿರಲಿಲ್ಲ. ಹನ್ನೊಂದು ಹೆಜ್ಜೆ ಇಟ್ಟಳು. ಸಪಾಟು ಮಣ್ಣಿನ ಮೇಲೆ ಕಾಲೆತ್ತಿ ಇಲ್ಲದ ಹೊಸ್ತಿಲು ದಾಟಿದಳು. ಬಲಕ್ಕೆ ತಿರುಗಿದಳು. ಕೈ ಚಾಚಿದಳು.

ಕೈ ನಿಂತಿತು.

ಗಾಳಿಯಲ್ಲಿ ಚಾಚಿದ ಕೈ ಹೀಗೆ ನಿಲ್ಲುವುದಿಲ್ಲ. ಅದು ತಡವರಿಸುತ್ತದೆ, ಮುಂದೆ ಹೋಗುತ್ತದೆ. ಅವಳ ಕೈ ಮುಂದೆ ಹೋಗಲಿಲ್ಲ. ಅಂಗೈ ಚಪ್ಪಟೆಯಾಯಿತು. ಒತ್ತಿದಾಗ ಬೆರಳ ತುದಿ ಬೆಳ್ಳಗಾಗುತ್ತವಲ್ಲ, ಹಾಗೆ ಆದದ್ದು ನನಗೆ ಮೇಲಿನಿಂದ ಕಂಡಿತು. ಅವಳು ಹಾಗೆಯೇ ಕೈ ಸವರುತ್ತ ನಾಲ್ಕು ಹೆಜ್ಜೆ ನಡೆದಳು. ಕೆಲಸದ ಮಂದಿ ಒಬ್ಬೊಬ್ಬರಾಗಿ ನಿಂತರು. ಸಿಮೆಂಟ್ ಕಲಸುವ ಯಂತ್ರ ಯಾರು ಬಂದ್ ಮಾಡಿದರೋ ಗೊತ್ತಿಲ್ಲ. ಗುರುಮಠಕಲ್ ಕಡೆಯ ಹೆಣ್ಣಾಳೊಬ್ಬಳು "ಅಮ್ಮೋ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಮೇಸ್ತ್ರಿ ನನ್ನ ಭುಜ ಹಿಡಿದ. "ಯಾರೋ ಈಕಿ?"

ನಾನು ಹೇಳಿದ್ದು ಇದು: "ಯಾರಿಗಿ ಗೊತ್ರಿ."

ಅಕ್ಕ ತಿರುಗಿದಳು. ಬೆನ್ನು ಹಿಂದಕ್ಕೆ ಬಿಟ್ಟು, ಒಂದು ಕಾಲು ಮಡಚಿ ಪಾದ ಹಿಂದಕ್ಕೆ ಊರಿ, ಚಿಕ್ಕಂದಿನಿಂದ ನಿಲ್ಲುತ್ತಿದ್ದ ಹಾಗೆಯೇ ಒರಗಿ ನಿಂತಳು. ಅವಳ ಹಿಂದೆ ಏನೂ ಇರಲಿಲ್ಲ. ದೂರದ ತನಕ ಬಿಸಿಲು, ಹಳಿ, ಕಲ್ಲಿನ ಗುಡ್ಡ. ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ಈಗಲೂ ಅದು ನನ್ನ ಕಣ್ಣಿಗೆ ಕಟ್ಟಿದೆ. ಎಷ್ಟು ಹೊತ್ತು ಹಾಗೆ ನಿಂತಳು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಉಸಿರು ಹಿಡಿದಿದ್ದೆ. ಬಿಡುವ ತನಕ ನಿಂತಿದ್ದಳು, ಅಷ್ಟು ಗೊತ್ತು.

"ಚಿಗವ್ವಾ, ಬಾ, ಇಲ್ಲಿ ಬೆನ್ನ ಹಚ್ಚು. ಎಷ್ಟ ತಂಪದ ನೋಡು."

ಚಿಗವ್ವ ಗಂಟು ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದಳು. "ಏನಂತೀ ಮಗಳ? ಅಲ್ಲಿ ಗ್ವಾಡಿ ಎಲ್ಲದ? ಪೂರಾ ಬೈಲದಲ್ಲ!"

ಆ ಮಾತು ಬಿದ್ದ ಕೂಡಲೇ ಅಕ್ಕ ಬಿದ್ದಳು. ಹಿಂದಕ್ಕೆ, ನೇರ.

ನಾನು ಇಳಿದು ಓಡಿದೆ. ಎಡಗೈ ಮಣಿಕಟ್ಟು ಮುರಿದಿತ್ತು. ಅವಳು ಅಳಲಿಲ್ಲ. ನನ್ನ ಹೆಜ್ಜೆ ಗುರುತು ಹಿಡಿದಳು. "ತಮ್ಮಾ? ನೀ ಇಲ್ಲೇ ಇದ್ದೇನು?" ಎಂದಳು. ನಾನು ಎಬ್ಬಿಸಲು ಅವಳ ಬಲಗೈ ಹಿಡಿದೆ. ಅಂಗೈ ತುಂಬ ಸುಣ್ಣ. ಕಟ್ಟಡ ಕಟ್ಟುವ ಜಾಗದಲ್ಲಿ ಧೂಳಿಗೇನು ಬರ ಎಂದು ಮೇಸ್ತ್ರಿ ಆಮೇಲೆ ಅಂದ. ಆದರೆ ನಮ್ಮಲ್ಲಿದ್ದುದು ಬೂದಿ ಬಣ್ಣದ ಸಿಮೆಂಟು. ಸುಣ್ಣದ ಗಾರೆ ಹೇರಿಕೊಂಡು ಹೋಗಿ ತಿಂಗಳುಗಳೇ ಆಗಿದ್ದವು.

ಆ ದಿನದ ಮೇಲೆ ನಾಯಿ ಆ ಗೆರೆಯನ್ನು ನೇರ ದಾಟತೊಡಗಿತು. ಹೆಂಗಸರು ತಲೆ ಬಗ್ಗಿಸುವುದನ್ನು ಬಿಟ್ಟರು. ಗೋಡೆ ಅಲ್ಲಿಂದ ಹೋಯಿತು. ನಮ್ಮ ಮನೆಗೆ ಬಂತು.

ಹಾಗೆಂದರೆ ಏನೆಂದು ಹೇಳುತ್ತೇನೆ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅಕ್ಕ ನನ್ನನ್ನು ಬೈಯಲಿಲ್ಲ. ಸಂಜೆ ಬಂದರೆ ಏನು ಒಡೆದಿರಿ ಎಂದು ಕೇಳುವುದನ್ನು ನಿಲ್ಲಿಸಿದಳು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹುಟ್ಟಿ ಬೆಳೆದ ಮನೆಯ ಗೋಡೆಯನ್ನೇ ನಂಬದಾದಳು. ಹಗಲು ಹೊತ್ತು ಹೊರಸಿನಿಂದ ಎದ್ದು ಗೋಡೆ ಮುಟ್ಟುವಳು. ಮುಟ್ಟಿದ ಮೇಲೂ ನನ್ನ ಹೆಂಡತಿಯನ್ನು ಕರೆದು ಕೇಳುವಳು:

"ಯವ್ವಾ, ಇಲ್ಲಿ ಗ್ವಾಡಿ ಅದ ಏನು?"

"ಅದ ಅಕ್ಕಾ, ಮುಟ್ಟೇ ನಿಂತೀದಿ."

"ಮುಟ್ಟಿದ್ರ ಆಯ್ತೇನು? ನಿನಗ ಕಾಣಾಕತ್ತದ ಏನು, ಅದು ಹೇಳು."

ಬಚ್ಚಲಿಗೆ ಹೋಗಬೇಕಾದರೂ ಕೈ ಹಿಡಿಯುವವರು ಬೇಕಾದರು. ನಾನು ಹಿಡಿಯಲು ಹೋದರೆ ಕೈ ಬಿಡಿಸಿಕೊಂಡು ನಿಲ್ಲುತ್ತಿದ್ದಳು. ಬಾಗಿಲು ದಾಟುವುದೇ ಬಿಟ್ಟಳು. ಪ್ಲಾಸ್ಟರ್ ತೆಗೆದರೂ ಹಾಗೇ ಇದ್ದಳು. ಅವಳು ಇನ್ನು ಒಬ್ಬಳೇ ನಡೆಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಬೇಸಿಗೆ ಕಳೆಯಿತು. ಅರವಟಿಗೆ ಇಡಲಿಲ್ಲ. ಮನೆಯಲ್ಲಿ ಕೂತರೆ ನನಗೇ ಗೋಡೆಗಳು ಒಂದು ಗೇಣು ಹಿಂದೆ ಸರಿದಂತೆ ಕಾಣುತ್ತಿದ್ದವು.

ಮಳೆ ಬೀಳುವ ಹೊತ್ತಿಗೆ ನಮ್ಮನ್ನು ನೆಲಕ್ಕೆ ಫರಸಿ ಹಾಸುವ ಕೆಲಸಕ್ಕೆ ಹಚ್ಚಿದರು. ನಡುವೆ ಒಂದು ಹಳದಿ ಸಾಲು. ಅದರ ಮೇಲೆ ಉಬ್ಬು ಗೆರೆ. ತಿರುಗುವ ಕಡೆ ಗೆರೆಯ ಬದಲು ಗುಂಡು ಗುಂಡು ಗುಬಟು. ಇದು ಯಾತಕ್ಕೆ ಎಂದು ಕೇಳಿದೆ. ಮೇಸ್ತ್ರಿ ಹೇಳಿದ, "ಕಣ್ಣಿಲ್ಲದವ್ರಿಗೋ. ಕಾಲಿಗಿ ಹತ್ತತದ, ಅವ್ರು ಹಿಡ್ಕೊಂಡು ಹೋಗ್ತಾರ." ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಆ ಸಾಲಿನ ಮೇಲೆ ನಡೆದೆ. ಹನ್ನೊಂದು ಹೆಜ್ಜೆಗೆ ಗುಬಟು ಸಿಗಲಿಲ್ಲ. ಹದಿನಾಲ್ಕಕ್ಕೆ ಸಿಕ್ಕಿತು. ಅಕ್ಕನಿಗೆ ಈ ಹದಿನಾಲ್ಕನ್ನು ಹೇಳುವವರು ಯಾರು? ಹೇಳಿದರೂ ನಂಬಬೇಕಲ್ಲ.

ಆ ಸಂಜೆ ಒಳಗೆ ಹೋಗಲಿಲ್ಲ. ಹೊಸ್ತಿಲ ಆಚೆ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ.

"ಅಕ್ಕಾ, ಬಾಗಲಕ ಬಾ."

ಒಳಗೆ ಹೊರಸು ಕಿರುಗುಟ್ಟಿತು. ಆಮೇಲೆ ನನ್ನ ಹೆಂಡತಿಯ ಕೈ ಹಿಡಿದು ಬಂದು ಹೊಸ್ತಿಲ ಒಳಗೆ ಕೂತಳು. ನಾನು ಮೊದಲ ದಿನದಿಂದ ಹೇಳಿದೆ. ಖೋಲಿ, ಟಿಕೆಟ್ ಕಿಟಕಿ, ಕಮಾನು, ಅಪ್ಪ ಚೀಲ ಆನಿಸುತ್ತಿದ್ದ ಕಂಬ, ಅರವಟಿಗೆಯ ಕಟ್ಟೆ. ಯಾವುದು ಯಾವ ದಿನ ಬಿತ್ತು, ಯಾರು ಬಡಿದರು, ಕಲ್ಲು ಯಾವ ಕಡೆ ಉರುಳಿತು. ಒಂದನ್ನೂ ಬಿಡಲಿಲ್ಲ. ಒಂದೊಂದು ಹೇಳಿದಾಗಲೂ ಅವಳು ತೊಡೆಯ ಮೇಲೆ ಬೆರಳಿನಿಂದ ಏನನ್ನೋ ಒರೆಸಿ ಹಾಕಿದಂತೆ ಮಾಡುತ್ತಿದ್ದಳು. ಮಳೆ ಹನಿಯಿತು. ನಾನು ನೆನೆಯುತ್ತ ಹೇಳಿದೆ, ಹಳದಿ ಸಾಲಿನ ಹದಿನಾಲ್ಕು ಹೆಜ್ಜೆಯ ತನಕ.

"ನಾ ಅವತ್ತ ಒರಗಿದ್ದು ಸುಳ್ಳಲ್ಲ ತಮ್ಮಾ," ಎಂದಳು ಕಡೆಗೆ. "ಅದು ಇತ್ತು. ನೀ ಅದ ಅಂದಿದ್ದಿ, ಅದಕ ಇತ್ತು."

ನಾನು ಮುಖದ ಮೇಲಿನ ಮಳೆ ನೀರು ಒರೆಸಿಕೊಂಡೆ.

"ನಾಳಿ ಕರಕೊಂಡು ಹೋಗು. ಇನ್ನೊಂದ್ಸಲ ಮುಟ್ಟಿ ನೋಡ್ತೀನಿ."

ಬೆಳಿಗ್ಗೆ ಹೋದೆವು. ಗಾಡಿಯ ಹೊತ್ತು, ಶಹಾಪುರದ ಬಸ್ಸಿಳಿದ ಜನ ತುಂಬಿದ್ದರು. ಅವಳು ಚಪ್ಪಲಿ ಬಿಟ್ಟಳು. ನನ್ನ ಕೈ ಹಿಡಿಯಲಿಲ್ಲ, ನನ್ನ ಅಂಗಿಯ ತುದಿ ಹಿಡಿದಳು. ಹದಿನಾಲ್ಕು ಹೆಜ್ಜೆಗೆ ಗುಬಟು ಸಿಕ್ಕಾಗ ನಿಂತು, ಅಂಗಿ ಬಿಟ್ಟು, ಬಲಕ್ಕೆ ತಿರುಗಿ ಕೈ ಚಾಚಿದಳು. ಕೈ ನಿಲ್ಲಲಿಲ್ಲ. ಹೋಗುತ್ತಲೇ ಹೋಯಿತು, ಭುಜದ ತನಕ. ಅವಳು ಅದನ್ನು ಬೈಲಿನಲ್ಲಿ ಆಚೀಚೆ ಆಡಿಸಿದಳು.

"ಖಾಲಿ," ಎಂದಳು. ಮುಖದಲ್ಲಿ ಏನೂ ಇರಲಿಲ್ಲ. ಹೋಗುವ ಜನ ನಿಂತು ನೋಡುತ್ತಿದ್ದರು. ಮೇಸ್ತ್ರಿಯೂ ಬಂದು ನಿಂತ. ಅವಳನ್ನು ಗುರುತು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ.

ಎಲ್ಲರಿಗೂ ಕೇಳುವ ಹಾಗೆ ನಾನು ಹೇಳಿದೆ:

"ಯಾರಂತ ಕೇಳಿದ್ರಲ್ರಿ ಮೇಸ್ತ್ರಿ, ಈಕಿ ನಮ್ಮಕ್ಕ. ಅಕ್ಕಾ, ಇಲ್ಲಿ ಗ್ವಾಡಿ ಇಲ್ಲ. ಮೊದಲನೇ ದಿನನೇ ಬಿದ್ದದ, ಕೆಡವಿದಂವ ನಾನು. ಅದ ಅಂತ ದಿನಾ ಸುಳ್ಳ ಹೇಳಿದಂವ ನಾನು. ನೀ ಇಲ್ಲಿ ನಿಂತಾಗ ಯಾರಿಗಿ ಗೊತ್ತು ಅಂದಂವನೂ ನಾನೇ. ತಪ್ಪಾತು ಅಕ್ಕಾ. ಹೊಟ್ಟ್ಯಾಗ ಹಾಕ್ಕೋ."